ಮಲಗಿ ನೋಡಿದ ತೋಟ

ಭಾವನವರಿಗೆ ನಮಸ್ಕಾರ. ಇಲ್ಲಿನ ಆಸ್ಪತ್ರೆಯ ಅಂಗಳದಲ್ಲಿ ನಾನು ಮಾಡಿದ ಹೂದೋಟಕ್ಕೆ ಎಲ್ಲರೂ ಭೇಷ್ ಎಂದರು, ಹಿರಿಯ ಮಾಲಿಯೊಬ್ಬರನ್ನು ಬಿಟ್ಟು. "ರೋಗಿ ಮಂಚದ ಮೇಲೆ ಮಲ್ಕೊಂಡು ನೋಡಮ್ಮ" ಅಂದರು. ಮಲಗಿದೆ. ಕಿಟಕಿಯಲ್ಲಿ ಕಂಡದ್ದು ಎದುರು ಗೋಡೆಯ ಪೈಪು ಮಾತ್ರ, ಒಂದು ಹೂವೂ ಇಲ್ಲ! ಅಷ್ಟರಲ್ಲಿ ನರ್ಸ್ ಬಂದು ನನ್ನ ಬಾಯಿಗೇ ಥರ್ಮಾಮೀಟರ್ ಇಟ್ಟುಬಿಟ್ಟಳು. ಜ್ವರವಿಲ್ಲ, ಗಾಬರಿ ಬೇಡ. ಈಗ ಆ ಗೋಡೆಗೆ ಬಳ್ಳಿ ಹಬ್ಬಿಸುತ್ತಿದ್ದೇನೆ.

ಅಕ್ಕನ ಕಾಲಿಗೆ ಕಟ್ಟು ಹಾಕಿದ ದಿನ ಅವಳ ಕಿಟಕಿಯ ಹೊರಗೆ, ನೆಲದ ಮೇಲೆ ಹೂಕುಂಡಗಳನ್ನು ಜೋಡಿಸಿದ್ದೆನಲ್ಲ. ಮಲಗಿದ್ದಲ್ಲಿಂದಲೇ "ತುಂಬಾ ಚೆನ್ನಾಗಿದೆ ಕಣೇ" ಅಂದಿದ್ದಳು, ಪಾಪ. ಇವತ್ತೇ ಎರಡು ಕುಂಡಗಳನ್ನಾದರೂ ಎತ್ತಿ ಕಿಟಕಿಯ ಕಟ್ಟೆಯ ಮೇಲಿಡಿ. ಇಟ್ಟಮೇಲೆ ನೀವೊಮ್ಮೆ ಮಲಗಿ ನೋಡಿ.

ನಿಮ್ಮ ನಾದಿನಿ, ಪುಟ್ಟಿ