ಹಣೆಯ ಮೇಲಿನ ಮೂರು ಬೆರಳೂ ನಿಮ್ಮ ವೈಫೈ ಪೆಟ್ಟಿಗೆಯೂ

ಮಾನ್ಯ ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ನಿಮ್ಮ ಹೆಂಗಸರ ವಾರ್ಡಿನ ವೈಫೈ ಪೆಟ್ಟಿಗೆಗೆ ನೀವು ಕಲಿಸಿರುವ ಶಿಸ್ತಿನಿಂದಾಗಿ ನನ್ನ ಅಮ್ಮನ ಸೊಂಟದ ಆಪರೇಷನ್ ತಪ್ಪಿಹೋಗಿದೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ನಾಲ್ಕು ದಿನದಿಂದ ನಿಮ್ಮ ಗೇಟಿಗೂ ಟೀ ಅಂಗಡಿಗೂ ನಡೆದೂ ನಡೆದೂ ಚಪ್ಪಲಿ ಸವೆದಿದೆ.

ಅಮ್ಮ ದೊಡ್ಡಮುನಿಯಮ್ಮ, ಅಬ್ಬಿಗೆರೆಯವಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಓದು ಬರಹ ಗೊತ್ತಿಲ್ಲ. ನಮ್ಮ ಮನೆಯ ಭಾಷೆ ಕೈಸನ್ನೆಯದು. ಅದನ್ನು ಬಲ್ಲವನು ಈಗ ಉಳಿದಿರುವುದು ನಾನೊಬ್ಬನೇ. ಹಣೆಯ ಮೇಲೆ ಮೂರು ಬೆರಳು ಎಳೆದರೆ ‘ಇವತ್ತು ಉಪವಾಸ’ ಎಂದರ್ಥ. ಶಿವರಾತ್ರಿಯ ವಿಭೂತಿಯಿಂದ ಹುಟ್ಟಿದ ಸನ್ನೆ ಅದು. ಗಂಡಸರು ಬೆಳಗ್ಗೆ ಒಂಬತ್ತಕ್ಕೆ ಮೊದಲು ವಾರ್ಡಿನೊಳಗೆ ಬರಬಾರದು ಎಂಬುದು ನಿಮ್ಮ ನಿಯಮ. ಒಪ್ಪಿದೆ. ನೆಲಮಾಳಿಗೆಯ ಆ ವಾರ್ಡಿಗೆ ಮೊಬೈಲ್ ಸಿಗ್ನಲ್ ತಲುಪುವುದಿಲ್ಲ, ಅದನ್ನೂ ಒಪ್ಪಿದೆ. ನಿಮ್ಮ ವೈಫೈ ಇದೆಯಲ್ಲ ಎಂಬ ಧೈರ್ಯದಿಂದ ಅಮ್ಮನಿಗೆ ಹಸಿರು ಗುಂಡಿ ಒತ್ತುವುದನ್ನು ಕಲಿಸಿ, ವಿಡಿಯೋ ಕಾಲಿನಲ್ಲೇ ಡಾಕ್ಟರಿಗೂ ಅವಳಿಗೂ ನಡುವೆ ದುಭಾಷಿಯಾದೆ. ಎರಡು ದಿನ ಅದು ಚೆನ್ನಾಗಿಯೇ ನಡೆಯಿತು.

ಸೋಮವಾರ ಬೆಳಗ್ಗೆ ಐದೂವರೆಗೆ ನಿಮ್ಮ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಇವತ್ತೇ ಆಪರೇಷನ್, ಏನೂ ತಿನ್ನಬಾರದಂತೆ. ಆರಕ್ಕೆ ಗೇಟಿನಲ್ಲಿ ನಿಂತು ಅಮ್ಮನಿಗೆ ಕರೆ ಮಾಡಿದೆ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಒಂಬತ್ತು ಸಲ ಮಾಡಿದೆ. ಕಾವಲಿನ ಬಾಲರಾಜ್ ಅವರ ಕಾಲು ಹಿಡಿಯುವುದೊಂದು ಬಾಕಿ.

“ಲೇಡೀಸ್ ವಾರ್ಡ್ ಕಣ್ರೀ. ಒಂಬತ್ತಕ್ಕೆ ಬನ್ನಿ. ಬಿಟ್ರೆ ನನ್ ಕೆಲ್ಸ ಹೋಗುತ್ತೆ” ಎಂದರು ಪಾಪ.

ಒಳಗೆ ನರ್ಸಮ್ಮ ಮಂಚಕ್ಕೆ ‘ಏನೂ ತಿನ್ನಬಾರದು’ ಎಂಬ ಬೋರ್ಡು ನೇತುಹಾಕಿ, ಬೆರಳಾಡಿಸಿ ಹೇಳಿದ್ದರಂತೆ. ಬಿಳಿ ಬಟ್ಟೆಯವರು ಏನೆಂದರೂ ಅಮ್ಮ ತಲೆಯಾಡಿಸುತ್ತಾಳೆ, ಅದು ಅವಳ ಮರ್ಯಾದೆ. ಒಂಬತ್ತಕ್ಕೆ ನಾನು ಓಡಿಹೋದಾಗ, ಹಿಂದಿನ ಸಂಜೆ ನಾನೇ ದಿಂಬಿನ ಬಳಿ ಇಟ್ಟಿದ್ದ ಬಾಳೆಹಣ್ಣಿನ ಎರಡು ಸಿಪ್ಪೆ ತೋರಿಸಿ, ನೀನು ಕೊಟ್ಟದ್ದನ್ನು ತಿಂದೆ ಎಂದು ನಕ್ಕಳು. ನನಗೆ ಅಳು ಬಂತು ಸ್ವಾಮಿ. ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು.

ನಿಮ್ಮ ವೈಫೈ ನೋಡಿಕೊಳ್ಳುವ ವೇಣುಗೋಪಾಲ್ ಅವರನ್ನು ಹುಡುಕಿ ಕೇಳಿದೆ.

“ಪೆಟ್ಟಿಗೆ ಎಲ್ಲಾನೂ ಸರದಿ ಪ್ರಕಾರ ಕಳ್ಸುತ್ತೆ ಸಾರ್. ಮೊದ್ಲು ಬಿಲ್ಲಿಂಗು, ಆಮೇಲೆ ಲಾಬಿ ಟೀವಿ, ಆಮೇಲೆ ಮಾತಿನ ಕಾಲು. ರೋಗಿಗಳ ವಿಡಿಯೋ ಕೊನೇಲಿ. ಬೆಳಗ್ಗೆ ಎಲ್ರೂ ಎದ್ದು ಫೋನ್ ಹಿಡೀತಾರಲ್ಲ, ರಶ್ ಆದ್ರೆ ಅದನ್ನ ತಡೆದುಬಿಡುತ್ತೆ. ಭಾನುವಾರ ಬಂದ ಆರ್ಡರು. ವಿಡಿಯೋ ಅಂದ್ರೆ ರೀಲ್ಸ್ ಅಂತ ಮೇಲಿನೋರ ಲೆಕ್ಕ.”

“ನಮ್ಮಮ್ಮನ ಫೋನ್ ಒಂದನ್ನ ಮುಂದಕ್ಕೆ ಹಾಕೋಕಾಗಲ್ವಾ?”

“ಎರಡು ನಿಮಿಷದ ಕೆಲ್ಸ. ಅರ್ಜಿ ಬರೆದು ಕಳಿಸ್ತೀನಿ, ಸಾಹೇಬ್ರ ಸಹಿ ಬೇಕು.”

ಆಹಾ, ಎಂಥ ವಿವೇಕ! ಅಂದು ಬೆಳಗ್ಗೆ ನಿಮ್ಮ ಲಾಬಿಯ ಟೀವಿಯಲ್ಲಿ ‘ಪ್ರತಿ ರೋಗಿಯ ಮಾತಿಗೂ ನಾವು ಕಿವಿ’ ಎಂಬ ಜಾಹೀರಾತು ಒಮ್ಮೆಯೂ ತಡವರಿಸದೆ ಓಡುತ್ತಿದ್ದುದನ್ನು ಗೇಟಿನ ಗಾಜಿನಾಚೆಯಿಂದ ನಾನೇ ನೋಡಿದೆ. ಅದೂ ವಿಡಿಯೋ ಅಲ್ಲವೇ? ರೀಲ್ಸ್ ನೋಡುವವರನ್ನು ತಡೆಯಿರಿ, ನನ್ನ ತಕರಾರಿಲ್ಲ. ಎಲ್ಲರಿಗೂ ಸಿಗಬೇಕಾದರೆ ಯಾರಿಗಾದರೂ ಮಿತಿ ಬೇಕು. ಆದರೆ ಬಾಯಿಂದ ಆಡಿದ್ದು ಮಾತ್ರ ಮಾತು, ಕೈಯಿಂದ ಆಡಿದ್ದು ಮೋಜು ಎಂದು ತೀರ್ಮಾನಿಸಲು ನೀವು ಯಾರನ್ನು ಕೇಳಿದಿರಿ? ನಿಮ್ಮ ಕೊಠಡಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈ ಪತ್ರ ಊರಿಗೆಲ್ಲ ಕೇಳುವ ಹಾಗೆ.

ಹೊಸ ದಿನಾಂಕ ಮುಂದಿನ ಗುರುವಾರ. ಅಷ್ಟರೊಳಗೆ ವೇಣುಗೋಪಾಲ್ ಅವರ ಅರ್ಜಿಗೆ ಸಹಿ ಹಾಕಿ. ಅಮ್ಮನ ಫೋನನ್ನು ಮಾತಿನ ಸಾಲಿಗೆ ಸೇರಿಸಿ, ಅವಳ ನಂತರ ಬರುವ ಕಿವಿ ಕೇಳದವರಿಗೂ ಅದೇ ಜಾಗ ಕೊಡಿ. ಈಗ ಅವಳ ದಿಂಬಿನ ಬಳಿ ನಾನು ಏನನ್ನೂ ಇಡುತ್ತಿಲ್ಲ. ಯಾಕೆಂದು ಅವಳು ದಿನವೂ ಕೇಳುತ್ತಾಳೆ, ನನ್ನ ಮೇಲೆ ಕೋಪವೇ ಎಂದೂ ಕೇಳುತ್ತಾಳೆ. ಗುರುವಾರ ಬೆಳಗ್ಗೆ ಆರಕ್ಕೆ ಗೇಟಿನ ಹೊರಗೆ ನಿಂತು ಫೋನಿನ ಮುಂದೆ ಹಣೆಯ ಮೇಲೆ ಮೂರು ಬೆರಳು ಎಳೆಯುತ್ತೇನೆ. ಅಷ್ಟು ಒಳಗೆ ಹೋದರೆ ಸಾಕು.

ಇಂತಿ,
ನಿಮ್ಮ ಸರದಿಯ ಕಟ್ಟಕಡೆಯಲ್ಲಿ ನಿಂತಿರುವ
ಶಿವರಾಮ್, ಅಬ್ಬಿಗೆರೆ