ಮಾವನ ಮಣೆ

ನ್ಯೂ ಟೌನ್, ಭದ್ರಾವತಿ
ಶುಕ್ರವಾರ ಬೆಳಿಗ್ಗೆ

ವಿಜಯ್ ಅವರಿಗೆ ಸುಮನಾಳ ನಮಸ್ಕಾರ.

'ಇಲ್ಲಿ ನಾವೆಲ್ಲ ಕ್ಷೇಮ' ಎಂದು ಶುರುಮಾಡುವುದು ರೂಢಿ. ಸುಳ್ಳಿನಿಂದ ಶುರುಮಾಡಲು ನನಗೆ ಮನಸ್ಸಿಲ್ಲ. ಸಿದ್ದು ಒಬ್ಬ ಕ್ಷೇಮ. ಈಗ ನನ್ನ ಕಾಲ ಬುಡದಲ್ಲಿ ಕೂತು ಕುಕ್ಕರಿನ ಮುಚ್ಚಳವನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದಾನೆ. ಅದು ಬಿದ್ದು ಸದ್ದಾದಾಗಲೆಲ್ಲ ಕೇಕೆ ಹಾಕಿ ನನ್ನ ಮುಖ ನೋಡುತ್ತಾನೆ, ನಾನೂ ನಗಬೇಕು. ಅಕ್ಷರಾ, ಮಲ್ಲಿಕ್ ಶಾಲೆಗೆ ಹೋಗಿದ್ದಾರೆ. ಅವರು ಕ್ಷೇಮವಲ್ಲ. ಬುಧವಾರ ನೀವು ಫೋನಿನಲ್ಲಿ "ಮಕ್ಕಳನ್ನ ಕಳ್ಳತನಕ್ಕೆ ಬಿಟ್ಟಿದ್ದೀಯೇನೆ?" ಎಂದು ಕಿರುಚಿದ್ದು ಅವರ ಕಿವಿಗೂ ಬಿದ್ದಿದೆ. ಅಂದಿನಿಂದ ಮಲ್ಲಿಕ್ ಬಾಗಿಲು ಬಡಿದ ಸದ್ದಾದರೆ ಸಿದ್ದುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡುತ್ತಾನೆ. ಅಪ್ಪ ಪೊಲೀಸರನ್ನು ಕರೆದುಕೊಂಡು ಬರುತ್ತಾರೆಂದು ಅವನ ಭಯ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ನಾನು ಫೋನ್ ಮಾಡಿದಾಗಲೆಲ್ಲ ನೀವು ಸ್ಪೀಕರ್ ಹಾಕುತ್ತೀರಿ. ನಾನು ಮಾತಾಡುವುದು ಗಂಡನ ಹತ್ತಿರ, ಉತ್ತರ ಕೊಡುವುದು ಹಿಂದಿನಿಂದ ನಿಮ್ಮ ಅಕ್ಕನ ಕೆಮ್ಮು. ಕಾಗದಕ್ಕೆ ಸ್ಪೀಕರ್ ಇಲ್ಲ. ಅಂಗಡಿಯಲ್ಲಿ ಒಬ್ಬರೇ ಕೂತು ಓದಿ.

ಸಿದ್ದುವನ್ನು ಶಿವಮೊಗ್ಗಕ್ಕೆ ಬಿಟ್ಟು ಬಂದವಳು ನಾನೇ. ಆಶಾ ಕಾರ್ಯಕರ್ತೆಯರು ಧರಣಿ ಕೂತಿದ್ದೆವು. ಎರಡು ತುಂಬಿದ ಮಗುವನ್ನು ಬಿಸಿಲಲ್ಲಿ ಪೆಂಡಾಲಿನ ಕೆಳಗೆ ಎಷ್ಟು ದಿನ ಉರುಳಿಸುವುದು? ನೀವು ಹೇಗೂ ವಾರವಿಡೀ ಭಾವ ಉಜ್ಜನಪ್ಪಣ್ಣನ ಸಿಮೆಂಟ್ ಅಂಗಡಿಯಲ್ಲೇ ಇರುತ್ತೀರಿ, ರಾತ್ರಿ ಅಕ್ಕನ ಮನೆಯಲ್ಲೇ ಮಲಗುತ್ತೀರಿ. ಮಗು ಅಪ್ಪನ ಕಣ್ಣ ಮುಂದೆ ಇರುತ್ತದಲ್ಲ ಎಂದುಕೊಂಡೆ. ಧರಣಿ ಮುಗಿಯಿತು. ಮಗು ಮಾತ್ರ ವಾಪಸ್ ಬರಲಿಲ್ಲ. ನಿಮ್ಮ ಅಕ್ಕ ಒಂದು ವಾರ ನೆಗಡಿ ಎಂದರು. ಇನ್ನೊಂದು ವಾರ, ಈಗ ತಾನೇ ಹೊಂದಿಕೊಂಡಿದೆ ಎಂದರು. ಆಮೇಲೆ, "ಸೋಮವಾರ ಇಲ್ಲೇ ಜವಳ ಇಟ್ಕೊಂಡಿದ್ದೀವಿ. ಮುಗಿಸ್ಕೊಂಡೇ ಹೋಗ್ಲಿ ಬಿಡು ಮಾರಾಯ್ತಿ, ನಿನ್ ಮಗನ್ನ ಯಾರೂ ತಿಂದ್ಹಾಕಲ್ಲ!" ನೆಂಟರೆಲ್ಲ ಕೂತಿದ್ದಾಗ ನಿಮ್ಮ ಅಕ್ಕ ಇನ್ನೊಂದು ಮಾತು ಸೇರಿಸಿದರು: "ಊರ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕ್ತಾಳೆ, ತನ್ನ ಮಗೂಗೆ ಹಾಲು ಹಾಕಕ್ಕೆ ಪುರುಸೊತ್ತಿಲ್ಲ." ಎಲ್ಲರೂ ನಕ್ಕರು. ಗೌರವಧನ ಹೆಚ್ಚಿಸಿ ಎಂದು ಬೀದಿಯಲ್ಲಿ ಗಂಟಲು ಹರಿದುಕೊಂಡವಳು ಅಂದು ಆ ಹಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಯಾಕೆಂದರೆ ಮಗು ಅವರ ತೊಡೆಯ ಮೇಲಿತ್ತು.

ಕಳೆದ ಭಾನುವಾರಕ್ಕೆ ಬರುತ್ತೇನೆ. ಆ ದಿನವನ್ನು ನೀವು 'ಆಟ' ಎನ್ನುತ್ತೀರಿ. ನಾನು ಅದಕ್ಕೆ ಇಡುವ ಹೆಸರು ಬೇರೆ.

ಮಕ್ಕಳಿಬ್ಬರನ್ನು ಕರೆದುಕೊಂಡು ನಿಮ್ಮ ಅಕ್ಕನ ಮನೆಗೆ ಬಂದಿದ್ದೆ. ಊಟಕ್ಕೆ ಕೂತಿದ್ದೆವು. ಸಿದ್ದು ಹೊಸ ಚಡ್ಡಿ ಹಾಕಿಕೊಂಡು ತಟ್ಟೆಗಳ ನಡುವೆ ಓಡಾಡುತ್ತಾ ಎಲ್ಲರ ಹಪ್ಪಳ ಮುರಿಯುತ್ತಿದ್ದ. ನಿಮ್ಮ ಅಕ್ಕ ಅವನನ್ನು ಎತ್ತಿ ನಿಲ್ಲಿಸಿ, "ನಮ್ಮ ರಾಜ ಏನೇನ್ ಕಲ್ತಿದಾನೆ ನೋಡ್ರಿ" ಎಂದರು. ಉಜ್ಜನಪ್ಪಣ್ಣನ ಕಡೆ ಬೆರಳು ತೋರಿಸಿ, "ಇದ್ಯಾರು ಪುಟ್ಟಾ?"

"ಅಪ್ಪ!"

ನಿಮ್ಮ ಕಡೆ ತೋರಿಸಿ, "ಇದ್ಯಾರು?"

"ಮಾವ!"

ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಮ್ಮ!" ಎಂದ. ಪ್ರತಿ ಉತ್ತರಕ್ಕೂ ಬಾಯಿಗೊಂದು ಚೂರು ಹೋಳಿಗೆ. ಹೋಳಿಗೆ ಸಿಕ್ಕರೆ ನಾಯಿಯನ್ನೂ ಅಜ್ಜ ಎನ್ನುವ ವಯಸ್ಸು ಅದು. ಕೊನೆಗೆ ಬೆರಳು ನನ್ನ ಕಡೆ ತಿರುಗಿತು. "ಇದ್ಯಾರು? ಹೇಳು, ಅತ್ತೆ... ಅತ್ತೆ..." ಸಿದ್ದು ನನ್ನನ್ನು ನೋಡಿದ. ಹೋಳಿಗೆ ನೋಡಿದ. ಓಡಿಬಂದು ನನ್ನ ಸೆರಗಿನೊಳಗೆ ತಲೆ ತೂರಿಸಿ ನಗತೊಡಗಿದ.

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಿಮ್ಮ ಮಗ ನಿಮ್ಮನ್ನು ಮಾವ ಎಂದ, ನೀವು ಕೈಯಲ್ಲಿ ಸಾರಿನ ಬಟ್ಟಲು ಹಿಡಿದುಕೊಂಡು ನಕ್ಕಿರಿ. ನಗದವರು ಮೂರೇ ಜನ: ನಾನು, ಅಕ್ಷರಾ, ಮಲ್ಲಿಕ್. ಉಜ್ಜನಪ್ಪಣ್ಣ ಅರ್ಧ ಊಟಕ್ಕೇ ಕೈ ತೊಳೆದರು. "ಅಂಗಡಿ ಬೀಗ ನೋಡ್ಕೊಂಡ್ ಬರ್ತೀನಿ" ಎಂದು ಹೊರಟರು. ಭಾನುವಾರ ಅಂಗಡಿಯ ಬೀಗ ಎಲ್ಲಿಗೆ ಓಡಿಹೋಗುತ್ತದೆ? ಇವರೂ ಇದರಲ್ಲಿ ಸೇರಿದ್ದಾರೆ, ನನ್ನ ಮುಖ ನೋಡಲಾರದೆ ಎದ್ದರು ಎಂದುಕೊಂಡೆ.

ಆಮೇಲೆ ಜಗುಲಿಯಲ್ಲಿ ನಿಮ್ಮನ್ನು ಕೇಳಿದೆ, ಎಂಟು ದಿನ ಬಿಟ್ಟು ಬರುವ ಸೋಮವಾರದ ಜವಳದಲ್ಲಿ ಸೋದರಮಾವನ ಮಣೆಯ ಮೇಲೆ ಕೂರುವವರು ಯಾರು ಎಂದು. ನೀವು ಎಷ್ಟು ಸಲೀಸಾಗಿ ಹೇಳಿದಿರಿ! "ನಾನೇ ಕಣೆ. ನಿಂಗೆ ಅಣ್ಣ ಇಲ್ಲ, ತಮ್ಮ ಇಲ್ಲ. ಯಾರೋ ಒಬ್ರು ಕೂರ್ಬೇಕಲ್ಲ. ಅಕ್ಕ ಹೇಳಿದ್ಲು, ಹ್ಞೂ ಅಂದೆ. ಮಣೆ ಮೇಲೆ ಕೂತ್ರೆ ಏನ್ ಕೊಂಬು ಬರುತ್ತಾ?"

ಕೊಂಬು ಬರುವುದಿಲ್ಲ. ಇದ್ದ ಮಗು ಹೋಗುತ್ತದೆ. ರೀ, ಒಂದು ನಿಮಿಷ ಯೋಚನೆ ಮಾಡಿ. ಜವಳದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ತೆಗೆಸುವವನು ತಾಯಿಯ ಅಣ್ಣನೋ ತಮ್ಮನೋ ಆಗಬೇಕು. ನನಗೆ ಒಡಹುಟ್ಟಿದವರಿಲ್ಲ. ನಿಮ್ಮ ಅಕ್ಕ ಸುಭದ್ರಕ್ಕನಿಗೆ ಒಬ್ಬ ತಮ್ಮ ಇದ್ದಾನೆ. ಅದು ನೀವು. ನೀವು ಆ ಮಣೆಯ ಮೇಲೆ ಕೂತ ಗಳಿಗೆಗೆ ಮಗುವಿನ ತಾಯಿ ಯಾರಾದಂತಾಯಿತು? ಸೇರಿದ ನೂರು ಜನ ಏನು ನೋಡಿ ಎದ್ದು ಹೋಗುತ್ತಾರೆ? ನಮ್ಮ ಜನ ರಿಜಿಸ್ಟರ್ ಕಚೇರಿಗೆ ಹೋಗಿ ಯಾರು ಯಾರ ಮಗ ಎಂದು ಕೇಳುವುದಿಲ್ಲ. ಯಾರು ಯಾವ ಮಣೆಯ ಮೇಲೆ ಕೂತಿದ್ದರು ಎಂದು ನೆನಪಿಟ್ಟುಕೊಳ್ಳುತ್ತಾರೆ. ನಿಮ್ಮ ಅಕ್ಕನಿಗೆ ಇದು ಗೊತ್ತು. ನಿಮಗೆ ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ಹ್ಞೂ ಎಂದಿರೇ? ಈ ಇಡೀ ಕಾಗದದಲ್ಲಿ ನಾನು ನಿಮ್ಮನ್ನು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಅಪ್ಪನ ಕೈಯಿಂದಲೇ ಅಪ್ಪನ ಜಾಗ ಖಾಲಿ ಮಾಡಿಸುವುದು ದತ್ತು ಅಲ್ಲ, ದರೋಡೆ.

ನಿಮ್ಮ ಅಕ್ಕನ ನೋವು ನನಗೆ ಅರ್ಥವಾಗುವುದಿಲ್ಲ ಎನ್ನಬೇಡಿ. 'ಬಂಜೆ' ಎಂಬ ಮಾತನ್ನು ಹುಟ್ಟಿಸಿದ ಬಾಯಿಗೆ ಬೆಂಕಿ ಬೀಳಲಿ. ಆರತಿ ತಟ್ಟೆ ಅವರ ಮುಂದೆ ಬಂದಾಗ ಅದನ್ನು ಪಕ್ಕಕ್ಕೆ ಸರಿಸಿದ ಹೆಂಗಸರನ್ನು ನಾನೂ ನೋಡಿದ್ದೇನೆ. ಆ ದಿನ ತಟ್ಟೆ ಕಿತ್ತುಕೊಂಡು ಅವರ ಕೈಗೆ ಕೊಟ್ಟವಳು ನಾನು, ನಿಮ್ಮ ವಂಶದವರು ಯಾರೂ ಅಲ್ಲ. ಆದರೆ ಅಕ್ಷರಾ ಹುಟ್ಟಿದಾಗ ಇದೇ ಸುಭದ್ರಕ್ಕ ಅವಳನ್ನು ಆರು ತಿಂಗಳು ಎತ್ತಿ ಆಡಿಸಿ, "ನಂಗೇ ಕೊಟ್ಬಿಡೆ" ಎಂದು ಕಣ್ಣು ತುಂಬಿಕೊಂಡಾಗ ನಿಮ್ಮ ಹಿರಿಯರು ಏನೆಂದರು? "ಹೆಣ್ಣನ್ನ ಸಾಕಿ ಏನ್ಮಾಡ್ತೀಯಾ, ಯಾರದೋ ಮನೆಗೆ ಹೋಗೋದು." ಈಗ ಗಂಡು ಸಿಕ್ಕಿತು, ಅಂಗಡಿಯ ಬೋರ್ಡಿಗೆ ವಾರಸುದಾರ ಸಿಕ್ಕ. ಆ ಮಾತನ್ನು ಅಕ್ಷರಾ ಎಲ್ಲಿಯೋ ಕೇಳಿದ್ದಾಳೆ ರೀ. ಹೇಳುವುದಿಲ್ಲ, ಆದರೆ ಕೇಳಿದ್ದಾಳೆ.

ಭಾನುವಾರ ಸಂಜೆ ನಾನು ಮಗುವನ್ನು ಅಲ್ಲೇ ಬಿಟ್ಟು ಬಂದೆ. "ಜವಳ ಅಂದ್ಮೇಲೆ ಎಳೆದಾಡಬಾರದು" ಎಂದರು, ನಾನು ತಲೆ ತಗ್ಗಿಸಿ ಬಂದೆ. ಬಸ್ಸಿನಲ್ಲಿ ಮಲ್ಲಿಕ್ ಕೇಳಿದ: "ಅಮ್ಮಾ, ಸಿದ್ದುಗೆ ಅಪ್ಪ ಮಾವ ಆದ್ರೆ, ನಾನು ಅಣ್ಣ ಆಗಲ್ವಾ?"

ಅಕ್ಷರಾ ಅವನ ತಲೆಗೆ ಮೊಟಕಿ, "ಸುಮ್ನಿರೋ, ನಾನಿದೀನಿ" ಎಂದಳು. ಹದಿಮೂರರ ಹುಡುಗಿ. ಅದು ನಾನು ಹೇಳಬೇಕಾದ ಮಾತಾಗಿತ್ತು.

ಇನ್ನು ಬುಧವಾರದ 'ಕಳ್ಳತನ'. ಅವರಿಬ್ಬರೂ ಯೂನಿಫಾರಂನಲ್ಲೇ ಶಾಲೆ ತಪ್ಪಿಸಿ ಬಸ್ ಹತ್ತಿದ್ದಾರೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಅಕ್ಷರಾಗೆ ದುಡ್ಡಿಲ್ಲ; ಮಲ್ಲಿಕ್‌ಗೆ ಅರ್ಧ ಟಿಕೆಟ್. "ಅತ್ತೆ, ಸಿದ್ದುನ ಪಾರ್ಕಲ್ಲಿ ಜಾರುಬಂಡೆ ಆಡಿಸ್ಕೊಂಡು ಬರ್ತೀವಿ" ಎಂದು ಹೇಳಿ ಎತ್ತಿಕೊಂಡು, ಸೀದಾ ಬಸ್‌ಸ್ಟ್ಯಾಂಡಿಗೆ ಬಂದಿದ್ದಾರೆ. ಹಿಂದಿರುಗುವಾಗ ಕಂಡಕ್ಟರ್ ಅನುಮಾನದಿಂದ, "ಏನಮ್ಮ, ಮಗೂನ ಅಪ್ಪ ಅಮ್ಮ ಎಲ್ಲಿ?" ಎಂದನಂತೆ. ಅಷ್ಟರಲ್ಲಿ ನಮ್ಮ ಸಿದ್ದು ಕಂಡಕ್ಟರನ ಚೀಲ ಹಿಡಿದೆಳೆದು "ಮಾವಾ!" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೀಟಿ ಊದಲು ಕೊಟ್ಟನಂತೆ. ನಿಮ್ಮ ಅಕ್ಕ ಹೋಳಿಗೆ ಕೊಟ್ಟು ಕಲಿಸಿದ ಮಾತು ಅವನನ್ನು ಮನೆ ಮುಟ್ಟಿಸಿತು.

ನಾನು ಕಳಿಸಲಿಲ್ಲ. ನಾನೇ ಹೋಗಬೇಕಾಗಿತ್ತು. ಮನೆಮನೆ ಸುತ್ತಿ ಬಂದವಳು ಮೂವರನ್ನೂ ಬಾಗಿಲಲ್ಲಿ ನೋಡಿ, ಅಕ್ಷರಾಳ ಬೆನ್ನಿಗೆ ಒಂದು ಬಿಗಿದೆ. ಹೆದರಿಕೆಗೆ ಕೈ ಎದ್ದಿತು. ಸಿದ್ದು ಅದೊಂದು ಹೊಸ ಆಟವೆಂದುಕೊಂಡು ಬಂದು ನನ್ನ ಬೆನ್ನಿಗೆ ಎರಡು ಹೊಡೆದು ಕುಣಿದ. ಆಮೇಲೆ ನಾವು ನಾಲ್ವರೂ, ಯಾರು ಅಳುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಎಂದು ತಿಳಿಯದ ಹಾಗೆ ನೆಲದ ಮೇಲೆ ಕೂತಿದ್ದೆವು. ಆಗಲೇ ನಿಮ್ಮ ಫೋನ್ ಬಂದದ್ದು.

ಈಗ ಕೇಳಿ. ಜವಳ ಸೋಮವಾರವೇ ಆಗುತ್ತದೆ. ಶಿವಮೊಗ್ಗದಲ್ಲಿ ಅಲ್ಲ. ಇಲ್ಲಿ, ನಮ್ಮ ಕ್ವಾರ್ಟರ್ಸ್ ಮುಂದಿನ ಬೇವಿನ ಮರದ ಕೆಳಗೆ. ಮಾವನ ಮಣೆಯ ಮೇಲೆ ಪಕ್ಕದ ಮನೆಯ ಸೆಲ್ವರಾಜಣ್ಣ ಕೂರುತ್ತಾರೆ. ಮಲ್ಲಿಕ್‌ನ ಜವಳಕ್ಕೂ ಅವರೇ ಕೂತಿದ್ದರು. ನಿಮ್ಮ ಮನೆಯವರು "ಕ್ರೇನ್ ಓಡಿಸೋ ತಮಿಳಿನವನ ತೊಡೆ ಮೇಲಾ?" ಎಂದು ಮೂಗು ಮುರಿದು ಊಟ ಮಾಡದೆ ಹೋಗಿದ್ದರು. ಮಲ್ಲಿಕ್‌ನ ಕೂದಲೇನೂ ಕಡಿಮೆ ಬೆಳೆಯಲಿಲ್ಲ. ಸಿದ್ದು ಹುಟ್ಟುವ ದಿನ ನೀವು ಅಂಗಡಿಯಲ್ಲಿದ್ದಿರಿ, ನನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಅವರು. ನಿಮ್ಮ ಜಾತಿಯ ತಕ್ಕಡಿಯಲ್ಲಿ ಅದು ಎಷ್ಟು ತೂಗುತ್ತದೋ ನನಗೆ ಗೊತ್ತಿಲ್ಲ. ನನ್ನ ತಕ್ಕಡಿಯಲ್ಲಿ ಅವರು ಅಣ್ಣ.

ಪಕ್ಕದಲ್ಲಿ ಇನ್ನೊಂದು ಮಣೆ ಹಾಕುತ್ತೇನೆ, ಅಪ್ಪನದು. ಅಲ್ಲಿ ಬಂದು ಕೂರುವುದಾದರೆ ಬನ್ನಿ. ಅಂಗಡಿಯ ಕೆಲಸ ಹೋಗುತ್ತದೆ, ಅಕ್ಕ ಮಾತು ಬಿಡುತ್ತಾಳೆ ಎಂಬ ಭಯವಿದ್ದರೆ ಅಲ್ಲೇ ಇರಿ. ನನ್ನ ದುಡಿಮೆಯಲ್ಲಿ ಅನ್ನ ಬೇಯುತ್ತದೆ. ಆದರೆ ಮಾವನಾಗಿ ನನ್ನ ಹೊಸ್ತಿಲು ತುಳಿಯಬೇಡಿ.

ಇಷ್ಟು ಬರೆದವಳು, ಯಾರು ಯಾವ ಮಣೆ ಹಾಕಿದರೂ ಸಿದ್ದುವಿನ ತಾಯಿಯೇ ಆಗಿರುವ,

ಸುಮನಾ

ತಾ.ಕ.: ಮಧ್ಯಾಹ್ನ. ಕಾಗದ ಮಡಚುತ್ತಿದ್ದೆ, ಸ್ಕೂಟರಿನ ಸದ್ದಾಯಿತು. ಅಕ್ಷರಾಳ ಜೊತೆ ಊಟಕ್ಕೆ ಬಂದಿದ್ದ ಮಲ್ಲಿಕ್ ಸಿದ್ದುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದ. ಬಂದವರು ಉಜ್ಜನಪ್ಪಣ್ಣ. ಸ್ಕೂಟರಿನ ಮುಂದೆ, ಕಾಲುಗಳ ನಡುವೆ, ಸುಭದ್ರಕ್ಕ ಜವಳಕ್ಕೆಂದು ಪಾಲಿಶ್ ಮಾಡಿಸಿದ್ದ ಆ ಮಣೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ಮಣೆಯನ್ನು ಮೆಟ್ಟಿಲ ಮೇಲಿಟ್ಟು, "ಜಗಳ ಆಡಕ್ ಬಂದಿಲ್ಲ ತಾಯಿ. ಆ ಹುಡುಗನಿಗೆ ನಾನು ಅತ್ತೆ ಗಂಡ. ಅಂದ್ರೆ ಮಾವ. ನನ್ನ ಮಣೆ ಮೇಲೆ ವಿಜಯನ್ನ ಕೂರಿಸ್ತೀವಿ ಅಂತ ನನ್ನೇ ಕೇಳದೆ ಎಲ್ಲ ಮಾಡಿದ್ರು. ಅನ್ನ ಇಳೀಲಿಲ್ಲ ನಂಗೆ ಅವತ್ತು" ಎಂದರು. ಅವರು ಗಂಡನ ಅಕ್ಕನ ಗಂಡ, ಲೆಕ್ಕದಲ್ಲಿ ನನಗೆ ಅಣ್ಣ. ಮದುವೆಯಾದಾಗಿನಿಂದ ಅವರನ್ನು ಅಣ್ಣ ಎಂದೇ ಕರೆದಿದ್ದೇನೆ. ಕರೆದದ್ದು ನನ್ನ ಕಿವಿಗೇ ಕೇಳಿಸಿರಲಿಲ್ಲ.

ಸಿದ್ದು ಮಲ್ಲಿಕ್‌ನ ಕೈ ಬಿಡಿಸಿಕೊಂಡು "ಅಪ್ಪಾ!" ಎಂದು ಓಡಿಬಂದು ಅವರ ಕಾಲು ತಬ್ಬಿದ. ಅವರು ಬಹಳ ಹೊತ್ತು ಅವನ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, "ಅಪ್ಪ ಅಲ್ಲ ಮರಿ. ಮಾವ. ಎಲ್ಲಿ ಹೇಳು, ಮಾವ" ಎಂದರು. ಹೋಳಿಗೆ ಇಲ್ಲದೆಯೇ ಹೇಳಿದ. ಅವರು ಮುಖ ತಿರುಗಿಸಿ ಸ್ಕೂಟರಿನ ಕನ್ನಡಿ ಒರೆಸತೊಡಗಿದರು.

ಸೆಲ್ವರಾಜಣ್ಣ ಬಂದು ಎಲ್ಲ ಕೇಳಿ, "ಪರವಾಗಿಲ್ಲ ಸಾರ್, ಒಂದು ತೊಡೆ ನಂದು, ಒಂದು ತೊಡೆ ನಿಮ್ದು" ಎಂದರು. ಸೋಮವಾರ ಇಬ್ಬರು ಮಾವಂದಿರು ಕೂರುತ್ತಾರೆ. ಉಜ್ಜನಪ್ಪಣ್ಣ ಇಲ್ಲಿ ಪೇಟೆ ಕೆಲಸ ಮುಗಿಸಿ ಸಂಜೆ ಮತ್ತೆ ಬಂದು ಈ ಕಾಗದ ಒಯ್ದು, ಅಂಗಡಿಯಲ್ಲಿ ಅವರೇ ನಿಮ್ಮ ಕೈಗೆ ಕೊಡುತ್ತಾರೆ. ಕೆಲಸ ಹೋಗುತ್ತದೆ ಎಂಬ ನೆಪ ಇನ್ನು ನಡೆಯುವುದಿಲ್ಲ.

ಅವರ ಸ್ಕೂಟರ್ ತಿರುವು ದಾಟಿದ ಮೇಲೂ ಸಿದ್ದು ಬಾಗಿಲಲ್ಲೇ ನಿಂತಿದ್ದ. ಅಕ್ಷರಾ ನಿಮ್ಮ ಫೋಟೋ ತಂದು ತೋರಿಸಿ, "ಇದ್ಯಾರೋ?" ಎಂದಳು. ಸಿದ್ದು ಫೋಟೋವನ್ನು ನೋಡಿದ, ನಕ್ಕ. ಅಪ್ಪ ಎನ್ನಲಿಲ್ಲ, ಮಾವ ಎಂದೂ ಎನ್ನಲಿಲ್ಲ.