ಹೊಂಚುಗುಂಡಿನ ಡಬ್ಬಿಯಲ್ಲಿ ನಾವು ಇಟ್ಟದ್ದು

ಇಸವಿ ೨೩೪೧, ಎರಡನೇ ಕಾರ್ತಿಕದ ನಲವತ್ತೊಂದನೇ ದಿನ

ಡಬ್ಬಿ ಬಚ್ಚಿಟ್ಟ ಕಡೂರಿನ ರತ್ನಮಾಲಕ್ಕನವರಿಗೆ ಹೊನ್ನಾರತಿ ಎಂಬವಳು ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ತಿಂಗಳುಗಳೂ ಉದ್ದವಾಗಿವೆ, ಮಾತೂ ಬದಲಾಗಿದೆ. ನಿಮ್ಮ ಕನ್ನಡವನ್ನು ಹಳೆಯ ಬರಹಗಳಿಂದ ಕಲಿತವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪೀತೋ ತಿಳಿಯದು. ಆದರೂ ಬರೆಯದೆ ಇರಲಾರೆ.

ನಮ್ಮೂರಿನಲ್ಲಿ ಕಳ್ಳರಿಲ್ಲ. ಇದನ್ನು ನಾವು ಜಂಬದಿಂದಲೇ ಹೇಳಿಕೊಳ್ಳುತ್ತೇವೆ. ಯಾರಿಗೂ ಸ್ವಂತದ್ದೆಂಬುದು ಇಲ್ಲದ ಮೇಲೆ ಕದಿಯುವುದಾದರೂ ಏನನ್ನು? ಎಲ್ಲವೂ ‘ಎರವಿ’, ಎಂದರೆ ಊರ ಉಗ್ರಾಣದಿಂದ ತಂದು, ಬಳಸಿ, ಹಿಂತಿರುಗಿಸುವ ಸಾಮಾನು. ಬೆಳಿಗ್ಗೆ ದೋಸೆ ಹಂಚು ತರುತ್ತೇವೆ, ಹೊತ್ತೇರುವ ಮೊದಲು ತೊಳೆದು ಕೊಡುತ್ತೇವೆ. ಉಡುವ ಸೀರೆ, ಮಗುವಿನ ತೊಟ್ಟಿಲು, ಮದುವೆಯ ಬಾಸಿಂಗ ಎಲ್ಲವೂ ಹಾಗೆಯೇ. ಉಗ್ರಾಣ ನೋಡಿಕೊಳ್ಳುವ ಬೊಮ್ಮಜ್ಜ ಏನೇ ಕೊಡಲಿ, "ಜ್ವಾಪಾನ ಕಣವ್ವ, ನಾಳೆ ಇನ್ನೊಬ್ರಿಗೆ ಬೇಕು" ಅನ್ನುತ್ತಾನೆ. ಕೊರತೆಯಿಲ್ಲ, ಜಗಳವಿಲ್ಲ. ಸುಖವೆಂದರೆ ಇದೇ ಎಂದುಕೊಂಡಿದ್ದೆ.

ಇಂದು ಬೆಳಿಗ್ಗೆ ಮಗಳು ಚಿಗರಿಯನ್ನು ಕರೆದುಕೊಂಡು ಕಾವಲಿಗೆ ಬಂದೆ. ನಿಮ್ಮ ಕಾಲದ ಹುಲ್ಲುಗಾವಲು ಈಗಲೂ ಇದೆ. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಜಾಲಿ, ಬಿಡುವಿಲ್ಲದ ಗಾಳಿ, ಹಳೆಯ ದಾರಿಯ ಪಕ್ಕದಲ್ಲಿ ಆ ದೊಡ್ಡ ಬಂಡೆ ಹೊಂಚುಗುಂಡು. ಅದರ ಸಂದಿಗೆ ಕೈಹಾಕಿ ಚಿಗರಿ ಒಂದು ಸ್ಟೀಲ್ ಡಬ್ಬಿ ಎಳೆದಳು. ಒಳಗೆ ನಿಮ್ಮ ಪುಟ್ಟ ಪುಸ್ತಕ, ಜೊತೆಗೊಂದು ಪೆನ್ಸಿಲು. ಸಂತೆಗೆ ಹೋಗುವ ಗಾಡಿಗಳನ್ನು ದಾರಿಗಳ್ಳರು ಈ ಬಂಡೆಯ ಮರೆಯಲ್ಲಿ ಕಾದು ದೋಚುತ್ತಿದ್ದರೆಂದೂ, ಅದೇ ಜಾಗದಲ್ಲಿ ನೀವು ಜಿಯೋಕ್ಯಾಚಿಂಗ್ ಎಂಬ ಆಟಕ್ಕಾಗಿ ಡಬ್ಬಿ ಬಚ್ಚಿಟ್ಟು, ಹುಡುಕುವವರಿಗೆ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ್ದೀರೆಂದೂ ಬರೆದಿದ್ದಿರಿ. ಕೊನೆಯ ಸಾಲು: "ಕಳ್ಳರು ಬರೀ ತಗೊಂಡು ಹೋದರು. ನೀವು ಒಂದು ತಗೊಂಡರೆ ನಿಮ್ಮದೊಂದು ಇಟ್ಟು ಹೋಗಿ."

ಬಂದವರೆಲ್ಲ ಇಟ್ಟೇ ಹೋಗಿದ್ದರು. ಅಂಗಿಯ ಗುಂಡಿ, ಗೋಲಿ, ಕೀಲಿಕೈ, ಒಂದು ಬುಗುರಿ. ಚಿಗರಿ ಬುಗುರಿಯನ್ನು ಎದೆಗವಚಿಕೊಂಡು, "ಅವ್ವಾ, ಇದು ನಂದು" ಅಂದಳು. ಆ ಮಾತನ್ನು ಎಲ್ಲಿ ಕಲಿತಳೋ! ಬದಲಿಗೆ ಇಡಲು ಏನಿದೆಯೆಂದು ನನ್ನ ಮೈಯೆಲ್ಲ ತಡಕಿಕೊಂಡೆ. ಬಳೆ ಎರವಿ, ಚಪ್ಪಲಿ ಎರವಿ, ತಲೆಯ ಪಿನ್ನೂ ಎರವಿ. ಇಟ್ಟರೆ ಊರಿನದನ್ನು ಕದ್ದಂತೆ, ಇಡದಿದ್ದರೆ ನಿಮ್ಮದನ್ನು. "ವಾಪಸ್ ಇಟ್ಬಿಡು ಮಗಾ" ಎಂದೆ. ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕಾ, ನಾವು ಕೊಟ್ಟು ಗೊತ್ತಿಲ್ಲದ ಜನ. ತಂದದ್ದನ್ನು ಹಿಂತಿರುಗಿಸುವುದನ್ನೇ ದೊಡ್ಡ ಗುಣವೆಂದುಕೊಂಡು ಬದುಕಿದೆವು. ನನಗೆ ನಾಚಿಕೆಯಾಯಿತು. ಕಳ್ಳಿಯ ಹಾಗೆ ಸುತ್ತಮುತ್ತ ನೋಡಿ, ಮಗಳ ಕೈಹಿಡಿದು ಹೊರಟುಬಿಟ್ಟೆ. ಬುಗುರಿ ಅವಳ ಇನ್ನೊಂದು ಮುಷ್ಟಿಯಲ್ಲಿತ್ತು. ನಾನು ಕಂಡೂ ಕಾಣದವಳಂತಿದ್ದೆ.

ಸ್ವಲ್ಪ ದೂರ ಹೋದ ಮೇಲೆ ಅವಳೇ ನಿಂತಳು. ಮುಂದಿನ ಹಾಲುಹಲ್ಲು ಕೆಲವು ದಿನದಿಂದ ಅಲ್ಲಾಡುತ್ತಿತ್ತು. ಎರಡು ಬೆರಳಲ್ಲಿ ಹಿಡಿದು, ಕಣ್ಣುಮುಚ್ಚಿ, ಕಿತ್ತೇಬಿಟ್ಟಳು. ಬಾಯೆಲ್ಲ ರಕ್ತ. "ಇದನ್ನ ಬೊಮ್ಮಜ್ಜ ವಾಪಸ್ ಕೇಳಲ್ಲ ಅಲ್ವಾ?" ಅಂದಳು. ಸೆರಗಿನಿಂದ ಅವಳ ಬಾಯಿ ಒರೆಸಿದೆ. ಇಬ್ಬರೂ ಬಂಡೆಗೆ ಮರಳಿದೆವು.

ಈಗ ಅವಳು ಪಕ್ಕದಲ್ಲಿ ಬುಗುರಿಯನ್ನು ಬೆರಳಿನಿಂದಲೇ ತಿರುಗಿಸುತ್ತ ಕೂತಿದ್ದಾಳೆ. ನಿಮ್ಮಲ್ಲಿ ಒಂದೇ ಕೇಳಿಕೆ. ಡಬ್ಬಿಯಲ್ಲಿ ಹಲ್ಲು ಸಿಕ್ಕಿತೆಂದು ಅಸಹ್ಯಪಟ್ಟು ಯಾರೂ ಬಿಸಾಡದಂತೆ ನೋಡಿಕೊಳ್ಳಿ. ನಮ್ಮೂರಿನವರು ತಮ್ಮದೆಂದು ಕೊಟ್ಟದ್ದು ಅದೊಂದೇ. ಈ ಪತ್ರದ ಹಾಳೆ ನಿಮ್ಮ ಪುಸ್ತಕದ್ದು, ಪೆನ್ಸಿಲೂ ನಿಮ್ಮದೇ. ಅದಕ್ಕೆ ಬದಲಾಗಿ ಇಡಲು ನನಗೆ ಹಾಲುಹಲ್ಲೂ ಉಳಿದಿಲ್ಲ.

ಹೊನ್ನಾರತಿ